ಶೆವೆಲ್ ಕಾರಿಗೆ ಇಂಜಿನ್ ಬದಲಿಸಿದ ಅಧಿಕೃತ ದಾಖಲೆ

ಜನವರಿ 6, 1996, ಶನಿವಾರ

ಸಮಸ್ತ ಮನುಕುಲಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಓಹಾಯೊ ರಾಜ್ಯದ ನನ್ನ ಗ್ಯಾರೇಜಿನಲ್ಲಿ, 1969ರ ಶೆವೆಲ್ ಕಾರಿನ ರೇಡಿಯೇಟರಿನ ಎಡಗಡೆಯ ಕೆಳಗಿನ ಬೋಲ್ಟು ಕಳಚಿ ಬಂದಿದೆ. ಮೂರು ದಿನದ ಹೋರಾಟ. ಎಣ್ಣೆ ಬಿಟ್ಟೆ, ಬೆಂಕಿಯಿಂದ ಕಾಯಿಸಿದೆ, ಬೈದೆ, ಮತ್ತೆ ಎಣ್ಣೆ ಬಿಟ್ಟೆ. ಬಂದದ್ದನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದೆ. ಚಪ್ಪಾಳೆ ತಟ್ಟಲು ಯಾರೂ ಇರಲಿಲ್ಲವಾದ್ದರಿಂದ ಕಾಫಿ ಡಬ್ಬಿಗೆ ಹಾಕಿ ಕುಳಿತುಬಿಟ್ಟೆ. ಇನ್ನು ಸುಮಾರು ನೂರ ನಲವತ್ತು ಬೋಲ್ಟುಗಳಿವೆ.

ದಾಖಲೆ ಎಂದ ಮೇಲೆ ಕ್ರಮ ಇರಬೇಕು. ವೆಂಡೆಲ್ ರೌಶ್ ಎಂಬ ನಾನು, ವಯಸ್ಸು ಅರವತ್ತಮೂರು, ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ತಗಡು ಬಾಗಿಸಿ ಕೊನೆಗೆ ನಾನೇ ಬಾಗಿ ಮನೆಗೆ ಬಂದವನು, ಈ ಕಾರಿನ ಸುಸ್ತಾದ ಇಂಜಿನ್ ಕಿತ್ತು ಅದರ ಒಂದೂವರೆ ಪಟ್ಟು ದೊಡ್ಡದನ್ನು ಅಲ್ಲಿ ಕೂರಿಸಲು ಹೊರಟಿದ್ದೇನೆ. ದೊಡ್ಡದು ಬಂದದ್ದು ಗುಜರಿ ಸೇರಿದ ಒಂದು ಮೋಟರ್‌ಹೋಮಿನಿಂದ. ಯಾರದೋ ಮಂಚ, ಒಲೆ, ಪಾಯಿಖಾನೆ ಸಮೇತ ಇಡೀ ಸಂಸಾರವನ್ನು ಫ್ಲಾರಿಡಾಕ್ಕೆ ಎಳೆದು ವಾಪಸು ತಂದ ಇಂಜಿನ್ನು. ಯಾಕೆ ಈ ಸಾಹಸ ಎಂದು ಯಾರೂ ಕೇಳಿಲ್ಲ. ಕೇಳಬೇಕಾದವಳು ಅಡುಗೆಮನೆಯ ಕಿಟಕಿಯ ಹತ್ತಿರ ಕೂತಿದ್ದಾಳೆ.

ಅದನ್ನೂ ಬರೆದುಬಿಡುತ್ತೇನೆ, ಒಂದೇ ಸಲ. ನನ್ನ ಹೆಂಡತಿ ಅರ್ಲೀನ್ ಇಪ್ಪತ್ತೆರಡು ವರ್ಷ ಶಾಲಾ ಬಸ್ಸು ಓಡಿಸಿದವಳು. ರೈಲುಹಳಿ ಕಂಡಲ್ಲೆಲ್ಲ ಶಾಲಾ ಬಸ್ಸು ನಿಲ್ಲಬೇಕು, ಬಾಗಿಲು ತೆರೆಯಬೇಕು, ಕಿವಿಗೊಟ್ಟು ಕೇಳಬೇಕು, ಆಮೇಲೆ ಹೊರಡಬೇಕು; ಕಾನೂನು. ಅಕ್ಟೋಬರ್ ಹದಿನೇಳರ ಮಧ್ಯಾಹ್ನ ಅವಳು ಹಾಗೆ ನಿಲ್ಲಿಸಿ ಕೇಳುತ್ತಿದ್ದಾಗ ಜೋಳದ ಲಾರಿಯೊಂದು ಹಿಂದಿನಿಂದ ಬಂದು ಗುದ್ದಿತು. ಬಸ್ಸಿನಲ್ಲಿ ಮಕ್ಕಳಿರಲಿಲ್ಲ. ಅವಳಿಗೆ ಒಂದು ಗೀರೂ ಆಗಲಿಲ್ಲ. ಮರುದಿನ ಬೆಳಗ್ಗೆ ಎಂದಿನಂತೆ ಐದಕ್ಕೆ ಎದ್ದು ಜಾಕೆಟ್ ಹಾಕಿಕೊಂಡು ಮೆಟ್ಟಿಲ ಮೇಲೆ ಒಂದು ಗಂಟೆ ಕೂತಳು. ಆಮೇಲೆ ಒಳಗೆ ಬಂದು ಜಾಕೆಟ್ ತೆಗೆದಳು. ಅಂದಿನಿಂದ ಸ್ಟೀರಿಂಗ್ ಮುಟ್ಟಿಲ್ಲ, ಗೇಟು ದಾಟಿಲ್ಲ. ಮನೆಯೊಳಗೆ ಮಾತು ಮುಗಿದಿದೆ. ಗ್ಯಾರೇಜಿನಲ್ಲಿ ಬೋಲ್ಟುಗಳಾದರೂ ಕಿರುಗುಟ್ಟುತ್ತವೆ.

ಜನವರಿ 14, ಭಾನುವಾರ

ಹಳೆಯ ಇಂಜಿನ್ ಹೊರಗೆ ಬಂತು. ಪಕ್ಕದ ಮನೆಯ ಗ್ರಬೋವ್ಸ್ಕಿ ತನ್ನ ಕ್ರೇನು ತಂದಿದ್ದ. ಕ್ರೇನಿನ ಜೊತೆ ತನ್ನ ಅಭಿಪ್ರಾಯಗಳನ್ನೂ ತಂದಿದ್ದ.

"ಏನಯ್ಯಾ ರೌಶ್, ಈ ವಯಸ್ಸಲ್ಲಿ ನಾಲ್ಕುನೂರು ಕುದುರೆ ಕಟ್ಕೊಂಡು ಎಲ್ಲಿಗೆ ಹೋಗ್ತೀಯಾ? ದಿನಸಿ ಅಂಗಡಿಗಾ?"

"ದಿನಸಿ ಅಂಗಡಿಗೇ. ಬೇಗ ಹೋಗಿ ಬೇಗ ಬರ್ತೀನಿ."

"ನನ್ನ ಬಾವ ಹಿಂಗೇ ಮಾಡ್ದ. ದೊಡ್ಡ ಇಂಜಿನ್ ಹಾಕ್ದ. ಮೊದಲನೇ ದಿನಾನೇ ಗ್ಯಾರೇಜಿನ ಹಿಂದಿನ ಗೋಡೆ ಇರ್ಲಿಲ್ಲ."

"ರಿವರ್ಸ್ ಹಾಕಿದ್ನಾ?"

"ಇಲ್ಲಯ್ಯಾ. ಮುಂದಕ್ಕೇ ಹಾಕಿದ್ದ. ಕಾರು ಮೂತಿ ಒಳಗೆ ಮಾಡಿ ನಿಂತಿತ್ತು, ಮರ್ತಿದ್ದ."

ಇಂಜಿನ್ ಸರಪಳಿಯಲ್ಲಿ ತೂಗಾಡುತ್ತಿದ್ದಾಗ ಅವನು ಮನೆಯ ಕಡೆ ಕತ್ತು ತಿರುಗಿಸಿ, ದನಿ ತಗ್ಗಿಸಿ ಕೇಳಿದ: "ಅರ್ಲೀನ್ ಹೆಂಗಿದಾಳೆ?"

"ಚೆನ್ನಾಗಿದಾಳೆ. ಸರಪಳಿ ಹಿಡ್ಕೋ."

ಸೊಂಟ ಹೋಗಿದೆ. ಎರಡು ಮಾತ್ರೆ ನುಂಗಿದ್ದೇನೆ.

ಜನವರಿ 19, ಶುಕ್ರವಾರ

ಚಳಿ. ಸುಸ್ತು. ಕಾರು ಹಲ್ಲು ಕಿತ್ತ ಬಾಯಿಯಂತೆ ಕಾಣುತ್ತಿದೆ.

ಜನವರಿ 31, ಬುಧವಾರ

ಬಸ್ಸುಗಳ ಉಸ್ತುವಾರಿ ನೋಡುವ ಕೋರಾ ಡೀಟ್ಸ್ ಫೋನ್ ಮಾಡಿದ್ದಳು. ಅರ್ಲೀನ್ ಫೋನಿನ ಪಕ್ಕದಲ್ಲೇ ಕೂತಿದ್ದಳು, ಎತ್ತಲಿಲ್ಲ. ಗ್ಯಾರೇಜಿನಿಂದ ಓಡಿ ಹೋಗಿ ಎತ್ತಿದವನು ನಾನು. ರಿಸೀವರಿನ ತುಂಬ ಗ್ರೀಸು.

"ವೆಂಡೆಲ್, ನಾನು ಎಷ್ಟು ದಿನ ಅಂತ ತಡೀಲಿ ಹೇಳಿ. ಒಂಬತ್ತನೇ ನಂಬರ್ ರೂಟಿಗೆ ಬದಲಿ ಡ್ರೈವರ್ ಇಟ್ಕೊಂಡೇ ಮೂರು ತಿಂಗಳಾಯ್ತು. ಈಸ್ಟರ್ ರಜ ಮುಗಿದ್ಮೇಲೆ, ಏಪ್ರಿಲ್ ಹದಿನೈದು ಸೋಮವಾರ. ಅವತ್ತು ಅವಳು ಬರ್ಲಿಲ್ಲ ಅಂದ್ರೆ ಶಾಲಾ ಬೋರ್ಡಿನವರು ರೂಟು ಬೇರೆಯವರಿಗೆ ಬರೆದುಕೊಟ್ಬಿಡ್ತಾರೆ. ನನ್ನ ಕೈಲಿ ಇಲ್ಲ."

"ಅವಳಿಗೆ ಹೇಳ್ತೀನಿ."

"ಅವಳಿಲ್ದೆ ಆ ಮಕ್ಕಳು ಬಸ್ಸಲ್ಲಿ ಕೋತಿಗಳ ಥರ ಆಗಿದಾವೆ. ಅದನ್ನೂ ಹೇಳಿ."

ಫೋನ್ ಇಟ್ಟೆ. ಅರ್ಲೀನ್ ಕಿಟಕಿಯಿಂದ ಕಣ್ಣು ತೆಗೆಯದೆ, "ಕೇಳಿಸ್ತು" ಎಂದಳು. ಮುಂದಿನ ಮಾತಿಗೆ ಕಾದೆ. ಬರಲಿಲ್ಲ. ರಿಸೀವರಿನ ಗ್ರೀಸು ಒರೆಸುತ್ತಾ ಒಂದಷ್ಟು ಹೊತ್ತು ನಿಂತೆ. ಅಷ್ಟು ಚೆನ್ನಾಗಿ ಆ ಫೋನನ್ನು ಯಾರೂ ಯಾವತ್ತೂ ಒರೆಸಿರಲಾರರು. ಆಮೇಲೆ ಗ್ಯಾರೇಜಿಗೆ ಬಂದೆ.

ಫೆಬ್ರವರಿ 11, ಭಾನುವಾರ

ದೊಡ್ಡ ಇಂಜಿನ್ನನ್ನು ತೊಳೆದು, ಉಜ್ಜಿ, ಬಣ್ಣ ಬಳಿದಾಯಿತು. ಈಗ ಅದು ಕಿತ್ತಳೆ ಬಣ್ಣದಲ್ಲಿ ಮದುಮಗನಂತೆ ಹೊಳೆಯುತ್ತಾ ನಿಂತಿದೆ.

ಇಂಜಿನ್ನಿನ ಹಿಂಬದಿಗೆ, ಸುತ್ತಲೂ ಹಲ್ಲುಗಳಿರುವ ಉಕ್ಕಿನ ತಟ್ಟೆಯೊಂದನ್ನು ಬಿಗಿಯಬೇಕು. ಇಂಜಿನ್ ತಿರುಗಿದಂತೆ ಅದು ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಮೋಟರ್‌ಹೋಮಿನ ಇಂಜಿನ್ನಿನ ಜೊತೆ ಬಂದ ತಟ್ಟೆಯ ಒಂದು ಮಗ್ಗುಲಿಗೆ ಯಾರೋ ಕಬ್ಬಿಣದ ತುಂಡೊಂದನ್ನು ಬೆಸುಗೆ ಹಾಕಿ ಅಂಟಿಸಿದ್ದಾರೆ. ಅಸಹ್ಯವಾದ ಗಡ್ಡೆ. ಯಾವನೋ ಅವಸರದವನು ಬಿರುಕು ಮುಚ್ಚಲು ಮಾಡಿದ ಕೆಲಸ ಇರಬೇಕು. ಮೂವತ್ತೈದು ವರ್ಷ ತಗಡಿನ ಕೆಲಸ ಮಾಡಿದವನ ಕಣ್ಣಿಗೆ ಇಂಥದ್ದು ಬೀಳಬಾರದು. ಅದನ್ನು ಗೋಡೆಯ ಮೊಳೆಗೆ ನೇತುಹಾಕಿ, ನನ್ನ ಹಳೆಯ ಇಂಜಿನ್ನಿನ ತಟ್ಟೆಯನ್ನು, ಕನ್ನಡಿಯಂತೆ ನುಣುಪಾದದ್ದನ್ನು, ತಂದು ಕೂರಿಸಿದೆ. ಎಲ್ಲ ತೂತುಗಳೂ ಸರಿಯಾಗಿ ಕೂತವು. ಇಂಥ ದಿನಗಳಲ್ಲಿ ಮನುಷ್ಯನಿಗೆ ತನ್ನ ಮೇಲೆ ಗೌರವ ಬರುತ್ತದೆ.

ಫೆಬ್ರವರಿ 23, ಶುಕ್ರವಾರ

ಈಸ್ಟರಿಗೆ ಮುಂಚೆ ಮಾಂಸ ಬಿಡುವ ಉಪವಾಸದ ದಿನಗಳು ಶುರುವಾದವು. ಚರ್ಚಿನ ಹಾಲಿನಲ್ಲಿ ಶುಕ್ರವಾರದ ಮೀನೂಟ. ಅರ್ಲೀನ್ ಬರಲಿಲ್ಲ. ಹದಿನಾಲ್ಕು ಜನ ಕೇಳಿದರು, ಹದಿನಾಲ್ಕು ಜನಕ್ಕೂ ನೆಗಡಿ ಎಂದೆ. ನಾಲ್ಕು ತಿಂಗಳ ನೆಗಡಿ. ಅವಳಿಗೆ ಅಂತ ಡಬ್ಬಿಯಲ್ಲಿ ಮೀನು, ಎಲೆಕೋಸಿನ ಕೋಸಂಬರಿ ತಂದೆ. ಎರಡು ತುತ್ತು ತಿಂದಳು.

"ಕೋಸಂಬರಿ ಸಪ್ಪೆ ಇದೆ" ಎಂದಳು.

ಈ ವಾರದಲ್ಲಿ ನಾನು ಕೇಳಿದ ಅತಿ ಉದ್ದದ ವಾಕ್ಯ ಇದು.

ಮಾರ್ಚ್ 3, ಭಾನುವಾರ

ಇಂಜಿನ್ ಒಳಗೆ ಇಳಿಯಿತು. ಹೀಟರಿನ ಡಬ್ಬಕ್ಕೂ ಇಂಜಿನ್ನಿಗೂ ನಡುವೆ ಒಂದು ಇಸ್ಪೀಟೆಲೆ ತೂರುವಷ್ಟು ಜಾಗ. ಕಾರಿನ ಮೂತಿ ಎರಡು ಇಂಚು ಕೆಳಗೆ ಕುಸಿದಿದೆ. ಏನೋ ವಾಸನೆ ಹಿಡಿದು ಹೋಗುವ ನಾಯಿಯ ಹಾಗೆ.

"ಸ್ಪ್ರಿಂಗ್ ಬದಲಾಯಿಸ್ಬೇಕು" ಎಂದ ಗ್ರಬೋವ್ಸ್ಕಿ.

"ಗೊತ್ತು."

"ಮತ್ತೆ ಮುಖ ಯಾಕೆ ಹಂಗಿದೆ?"

"ಇದೇ ನನ್ನ ಮುಖ."

ಅವನು ಹೆಂಡತಿ ಕಳಿಸಿದ ಸಾಸೇಜಿನ ಪೊಟ್ಟಣ ಕೊಟ್ಟು ಹೋದ. ನಾನು ಕಾರಿನ ಪಕ್ಕದಲ್ಲಿ ನೆಲದ ಮೇಲೇ ಮಲಗಿದೆ. ಏಳಲು ಒಂದೂ ಕಾರಣ ಸಿಗದೆ ಸಾಕಷ್ಟು ಹೊತ್ತು ಹಾಗೇ ಇದ್ದೆ.

ಮಾರ್ಚ್ 16, ಶನಿವಾರ

ಇಂದು ಚಾಲನೆ. ಪೆಟ್ರೋಲ್, ಬ್ಯಾಟರಿ, ನೀರು, ಎಣ್ಣೆ ಎಲ್ಲವನ್ನೂ ಎರಡೆರಡು ಸಲ ನೋಡಿದೆ. ಕೀ ತಿರುಗಿಸಿದೆ. ಮೂರನೆಯ ಪ್ರಯತ್ನಕ್ಕೆ ಹತ್ತಿಕೊಂಡಿತು.

ಹತ್ತಿಕೊಂಡಿತು, ಮತ್ತು ನಡುಗತೊಡಗಿತು. ಮೊದಲು ಕನ್ನಡಿ, ಆಮೇಲೆ ಬಾಗಿಲು, ಆಮೇಲೆ ನನ್ನ ಕಟ್ಟುಹಲ್ಲು. ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳೆಲ್ಲ ತಾಳ ಹಾಕಿದವು. ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ನಡುಕ ನಿಲ್ಲಬಹುದು ಎಂದು ಒತ್ತಿದೆ. ಇಡೀ ಗ್ಯಾರೇಜು ಟೊಲೆಡೊ ಊರಿನ ಕಡೆಗೆ ಹೊರಟಂತಾಯಿತು. ಆರಿಸಿದೆ.

ಕಾರ್ಬೊರೇಟರ್ ಬಿಚ್ಚಿ ಜೋಡಿಸಿದೆ, ನಡುಗಿತು. ಪ್ಲಗ್ಗುಗಳನ್ನು ಬದಲಿಸಿದೆ, ನಡುಗಿತು. ಇಂಜಿನ್ ಕೂತ ರಬ್ಬರುಗಳನ್ನು ಬಿಗಿ ಮಾಡಿದೆ, ಇನ್ನೂ ಚೆನ್ನಾಗಿ ನಡುಗಿತು. ಗ್ರಬೋವ್ಸ್ಕಿ ಬಂದು ನಿಂತು ನೋಡಿ, "ನನ್ನ ಬಾವಂದು ಇಷ್ಟೊಂದು ನಡುಗ್ತಿರ್ಲಿಲ್ಲಪ್ಪ" ಎಂದ. ಅವನನ್ನು ಮನೆಗೆ ಕಳಿಸಿದೆ.

ಎರಡೂವರೆ ತಿಂಗಳು. ಬರೆಯಲು ಕೈ ಏಳುತ್ತಿಲ್ಲ.

ಮಾರ್ಚ್ 17, ಭಾನುವಾರ

ಬೆಳಗ್ಗೆ ಗ್ಯಾರೇಜಿನ ಹೊರಬಾಗಿಲು ಎತ್ತಿ, ಮತ್ತೆ ಚಾಲೂ ಮಾಡಿ, ತಲೆಯನ್ನು ಸ್ಟೀರಿಂಗಿಗೆ ಆನಿಸಿ ಕೂತಿದ್ದೆ. ಒಳಬಾಗಿಲು ತೆರೆಯಿತು. ಅರ್ಲೀನ್. ಮೈಮೇಲೆ ಮನೆಯ ಗೌನು, ಕಾಲಿಗೆ ನನ್ನ ಬೂಟು.

"ಕಪಾಟಿನ ಪ್ಲೇಟೆಲ್ಲಾ ಕುಣೀತಿವೆ ವೆಂಡೆಲ್. ಎರಡು ದಿನದಿಂದ."

"ಸಾರಿ. ಕಾರ್ಬೊರೇಟರ್ ಸರಿ ಕೂತಿಲ್ಲ."

"ಕಾರ್ಬೊರೇಟರ್ ಆಗಿದ್ರೆ ಕೆಮ್ಮುತ್ತೆ. ಇದು ಕೆಮ್ತಿಲ್ಲ." ಕಾರಿನ ಬಾಗಿಲು ತೆಗೆದಳು. "ಆಚೆ ಸರಿ."

ನಾನು ಇಳಿದೆ. ಅವಳು ಡ್ರೈವರ್ ಸೀಟಿನಲ್ಲಿ ಕೂತಳು. ಕೈಗಳೆರಡನ್ನೂ ತೊಡೆಯ ಮೇಲೆ ಇಟ್ಟುಕೊಂಡಳು, ಸ್ಟೀರಿಂಗ್ ಮುಟ್ಟಲಿಲ್ಲ. ಕಾಲಿನಿಂದ ಮೆಲ್ಲಗೆ ಆಕ್ಸಿಲರೇಟರ್ ಒತ್ತಿ, ಬಿಟ್ಟು, ಮತ್ತೆ ಒತ್ತಿದಳು. ಕಣ್ಣು ಮುಚ್ಚಿಕೊಂಡಿದ್ದಳು. ಬಸ್ಸಿನವರಿಗೆ ಕಿವಿಗಿಂತ ಕುಂಡೆಯೇ ಚುರುಕು ಎಂದು ಅವಳೇ ಹಿಂದೊಮ್ಮೆ ಹೇಳಿದ್ದಳು.

"ಆರಿಸು" ಎಂದಳು. ಕಿಟಕಿಯಿಂದ ಕೈ ಹಾಕಿ ಆರಿಸಿದೆ.

"ಮುಂದುಗಡೆ ಅಲ್ಲ ಇದು. ನನ್ನ ಪಾದದ ಕೆಳಗಿದೆ. ಏನೋ ತೂಕ ತಪ್ಪಿ ತಿರುಗ್ತಿದೆ. ಇಂಜಿನ್ ಹಿಂದೆ ಯಾವ ತಟ್ಟೆ ಹಾಕಿದೀಯಾ?"

"ನಮ್ಮ ಹಳೇದು. ಚೆನ್ನಾಗಿತ್ತಲ್ಲ."

"ಇದರದ್ದೇ ಒಂದು ಬಂದಿರ್ಬೇಕಲ್ಲ?"

ಗೋಡೆ ತೋರಿಸಿದೆ. "ಯಾವನೋ ಗಲೀಜಾಗಿ ಬೆಸುಗೆ ಹಾಕಿದ್ದ."

ಅವಳು ಎದ್ದು ಹೋಗಿ ಆ ತಟ್ಟೆಯನ್ನು ಮೊಳೆಯಿಂದ ತೆಗೆದು, ಗಡ್ಡೆಯ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ನನ್ನನ್ನು ನೋಡಿದಳು. ಐದು ತಿಂಗಳಲ್ಲಿ ಮೊದಲ ಸಲ ನನ್ನನ್ನೇ ನೋಡಿದಳು ಅನಿಸಿತು. ಹೊಗಳುವ ನೋಟ ಮಾತ್ರ ಆಗಿರಲಿಲ್ಲ.

"ಗಲೀಜಲ್ಲ ಮಾರಾಯ, ಇದು ತೂಕ. ಕಾರ್ಖಾನೇಲೇ ಹಾಕಿರೋದು. ಈ ಇಂಜಿನ್ನಿನ ಒಳಗಡೆ ಸಮ ಮಾಡೋಕೆ ಜಾಗ ಸಾಲ್ದೆ ಹೊರಗಡೆ ತೂಕ ಅಂಟಿಸ್ತಾರೆ. ಇದಿಲ್ದೆ ಅದು ನಡುಗ್ದೆ ಇನ್ನೇನು ಮಾಡುತ್ತೆ? ನಮ್ಮ ಬಸ್ ಶೆಡ್ಡಲ್ಲಿ ಒಬ್ಬ ಇದೇ ಕೆಲಸ ಮಾಡಿದ್ದ. ಅವನಿಗೆ ಹತ್ತೊಂಬತ್ತು ವರ್ಷ."

"ನನಗೆ ಅರವತ್ತಮೂರು."

"ಅದನ್ನೇ ಹೇಳ್ತಿರೋದು."

ಒಳಗೆ ಹೋದಳು. ಹೋಗುವಾಗ ಬಾಗಿಲು ಪೂರ್ತಿ ಹಾಕಲಿಲ್ಲ. ಚಳಿ ಒಳಗೆ ಹೋಗುತ್ತದೆ ಎಂದು ಕೂಗಬೇಕೆಂದಿದ್ದೆ, ಕೂಗಲಿಲ್ಲ.

ದಾಖಲೆಗಾಗಿ: ಇಂಜಿನ್ ಮತ್ತೆ ಹೊರಗೆ ತೆಗೆಯಬೇಕು. ಪೂರ್ತಿಯಾಗಿ. ಅಳು ಬರುವಷ್ಟು ಸುಸ್ತಾಗಿದೆ, ಆದರೆ ಅಳುವುದಕ್ಕೂ ಶಕ್ತಿ ಬೇಕಲ್ಲ.

ಮಾರ್ಚ್ 24, ಭಾನುವಾರ

ಇಂಜಿನ್ ಹೊರಗೆ. ಗ್ರಬೋವ್ಸ್ಕಿ ಕ್ರೇನು ತಂದ. ಅರ್ಲೀನ್ ಇದ್ದದ್ದನ್ನು ನೋಡಿ ಅಭಿಪ್ರಾಯಗಳನ್ನು ಜೇಬಿನಲ್ಲೇ ಇಟ್ಟುಕೊಂಡ. ಅವಳು ಸರಪಳಿಯ ಹತ್ತಿರ ನಿಂತು ಬಸ್ ಡ್ರೈವರ್ ದನಿಯಲ್ಲಿ, "ಎಡಕ್ಕೆ. ಇನ್ನೂ ಎಡಕ್ಕೆ. ನಿನ್ನ ಎಡ ಅಲ್ಲ ಗ್ರಬೋವ್ಸ್ಕಿ, ನನ್ನ ಎಡ" ಎಂದಳು. ಅವನು ಒಂದನೇ ತರಗತಿಯ ಹುಡುಗನ ಹಾಗೆ ಎಡಕ್ಕೆ ಹೋದ.

ಅಡುಗೆಮನೆಯ ಕುರ್ಚಿಯೊಂದು ಈಗ ಗ್ಯಾರೇಜಿನಲ್ಲಿದೆ. ಯಾರು ತಂದರೋ ಗೊತ್ತಿಲ್ಲ. ನಾನೇ ಇರಬಹುದು.

ಮಾರ್ಚ್ 30, ಶನಿವಾರ

ಗಡ್ಡೆಯಿರುವ ತಟ್ಟೆ ಹಾಕಿ ಇಂಜಿನ್ ಮತ್ತೆ ಇಳಿಸಿದೆವು. ಅವಳೇ ಬೋಲ್ಟು ಬಿಗಿದಳು. ನನ್ನ ಬಿಗಿತದ ಮೇಲೆ ನಂಬಿಕೆ ಇಲ್ಲವಂತೆ.

ಏಪ್ರಿಲ್ 5, ಶುಕ್ರವಾರ

ಸಂಜೆ ಅವಳು ಕಾರಿನ ಕೆಳಗೆ ಮಲಗಿ ಸೈಲೆನ್ಸರಿನ ಪೈಪು ಜೋಡಿಸುತ್ತಿದ್ದಳು. ಕೆಳಗೆ ತೂರಲು ನನ್ನ ಹೊಟ್ಟೆ ಬಿಡುವುದಿಲ್ಲ. ನಾನು ಪಕ್ಕದಲ್ಲಿ ಮಂಡಿಯೂರಿ ದೀಪ ಹಿಡಿದಿದ್ದೆ. ಕೈ ಸಾಲದೆ ನಾಲ್ಕು ಬೋಲ್ಟುಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದೆ. ಅವಳ ಬೂಟು ಮಾತ್ರ ಕಾಣುತ್ತಿತ್ತು. ಬೂಟುಗಳ ಕಡೆಯಿಂದ ಮಾತು ಬಂತು.

"ಕೇಳಿಸಿತ್ತು ನಂಗೆ."

ನಾನು ದೀಪ ಹಿಡಿದೇ ಇದ್ದೆ.

"ರೈಲು ಬರ್ತಿದ್ಯಾ ಅಂತ ಬಾಗಿಲು ತೆಗೆದು ಕೇಳ್ತಿದ್ದೆ. ರೈಲಿಲ್ಲ. ಹಿಂದಿನಿಂದ ಲಾರಿ ಬರೋದು ಕೇಳಿಸ್ತು. ನಿಲ್ಲಿಸ್ತಾನೆ ಅನ್ಕೊಂಡೆ. ಎಲ್ಲರೂ ನಿಲ್ಲಿಸ್ತಾರಲ್ಲ." ಸ್ಪ್ಯಾನರು ಎರಡು ಸುತ್ತು ತಿರುಗಿತು. "ಹಳಿ ಆಚೆ ಒಂದೇ ಸ್ಟಾಪು. ಒಬ್ಬಳೇ ಹುಡುಗಿ. ಕೊನೇ ಸೀಟೇ ಬೇಕು ಅವಳಿಗೆ, ಎಷ್ಟು ಹೇಳಿದ್ರೂ ಮುಂದೆ ಬರಲ್ಲ. ಅವತ್ತು ಜ್ವರ ಅಂತ ಶಾಲೆಗೇ ಬಂದಿರ್ಲಿಲ್ಲ. ಶೆಡ್ಡಿಗೂ ಅದೇ ದಾರಿ ಅಂತ ಖಾಲಿ ಬಸ್ಸಲ್ಲೇ ಹೋಗ್ತಿದ್ದೆ. ನಾನು ಇಳಿದು ಹಿಂದೆ ಹೋಗಿ ನೋಡಿದೆ ವೆಂಡೆಲ್. ಆ ಸೀಟು ಇರ್ಲಿಲ್ಲ."

ಗ್ಯಾರೇಜಿನ ಹೀಟರು ಟಕ್ ಟಕ್ ಎನ್ನುತ್ತಿತ್ತು.

"ಎಲ್ಲಾ ಸರಿಯಾಗೇ ಮಾಡಿದ್ದೆ. ನಿಲ್ಸಿದೆ, ಬಾಗಿಲು ತೆಗೆದೆ, ಕೇಳಿದೆ. ತಪ್ಪು ಮಾಡಿದ್ದಿದ್ರೆ ಇನ್ನೊಂದ್ಸಲ ಮಾಡಲ್ಲ ಅಂತ ಹೋಗ್ಬಹುದಿತ್ತು. ಈಗ ಏನಂತ ಹೋಗ್ಲಿ?"

ಅವಳ ಕೈ ಹೊರಗೆ ಬಂತು, ಬೋಲ್ಟಿಗಾಗಿ. ತುಟಿಯಿಂದ ಒಂದು ತೆಗೆದು ಕೊಟ್ಟೆ. ಆಮೇಲೆ ಇನ್ನೊಂದು. ನಾಲ್ಕೂ ಮುಗಿದವು. ನಾನು ದೀಪ ಹಿಡಿದುಕೊಂಡೇ ಕೂತೆ. ಮಂಡಿ ಮರಗಟ್ಟಿತ್ತು.

ಹೊರಗೆ ಬಂದು ಮುಖ ಒರೆಸಿಕೊಳ್ಳುತ್ತಾ ಅಂದಳು: "ಅಕ್ಟೋಬರ್‌ನಿಂದ ಎಲ್ಲರೂ ನಂಗೆ ಸಮಾಧಾನ ಹೇಳಿದಾರೆ. ನೀನೊಬ್ಬ ಹೇಳ್ಲಿಲ್ಲ."

"ಬಾಯಲ್ಲಿ ಬೋಲ್ಟಿತ್ತು."

"ಗೊತ್ತು" ಎಂದಳು.

ಊಟಕ್ಕೆ ನಾನೇ ಮೊಟ್ಟೆ ಮಾಡಿದೆ. ಉಪ್ಪು ಹೆಚ್ಚಾಗಿತ್ತು. ಇಬ್ಬರೂ ತಟ್ಟೆ ಖಾಲಿ ಮಾಡಿದೆವು.

ಏಪ್ರಿಲ್ 10, ಬುಧವಾರ

ಇಂಜಿನ್ ಚಾಲೂ ಮಾಡಿದೆವು. ಕಾರಿನ ಮೇಲೆ ಕಾಫಿ ಲೋಟ ಇಟ್ಟೆ. ಕಾಫಿ ಅಲುಗಲಿಲ್ಲ. ಅದು ನಿಧಾನಕ್ಕೆ, ಆಳದಿಂದ ಗುರುಗುಟ್ಟುತ್ತಿತ್ತು. ಅಪ್ಪಟ ಸಂತೋಷದ ಸುದ್ದಿ, ಆದರೆ ಕುರ್ಚಿಯಲ್ಲೇ ನಿದ್ದೆ ಹೋದೆನಂತೆ. ಕೋರಾ ಫೋನ್ ಮಾಡಿದ್ದಳಂತೆ. ಎತ್ತಿದವಳು ಅರ್ಲೀನ್.

ಏಪ್ರಿಲ್ 13, ಶನಿವಾರ

ಮೊದಲ ಸವಾರಿ ಯಾರದು ಎಂಬ ಬಗ್ಗೆ ಈ ದಾಖಲೆಕಾರನಿಗೆ ಯಾವ ಸಂಶಯವೂ ಇರಲಿಲ್ಲ. ಬೆಳಗ್ಗೆ ಕ್ಷೌರ ಮಾಡಿಕೊಂಡೆ. ಒಳ್ಳೆಯ ಶರ್ಟು ಹಾಕಿಕೊಂಡೆ. ಗ್ಯಾರೇಜಿಗೆ ಬಂದರೆ ಅರ್ಲೀನ್ ಆಗಲೇ ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ಬಸ್ಸಿನ ಜಾಕೆಟ್ ಹಾಕಿಕೊಂಡಿದ್ದಳು.

ನಾನು ಆ ಕಡೆಯ ಬಾಗಿಲಿಗೆ ಹೋದೆ.

"ನೀನು ಬೇಡ" ಎಂದಳು.

"ಈ ಇಂಜಿನ್ ಹಾಕಿದವನು ನಾನು."

"ಎರಡು ಸಲ ಹಾಕಿದೀಯಾ. ಗೊತ್ತು. ಆದ್ರೂ ಬೇಡ. ನೀನು ಪಕ್ಕದಲ್ಲಿದ್ರೆ ನಿನ್ನ ಮುಖ ನೋಡ್ತಾ ಕೂರ್ತೀನಿ."

"ಎಡಗಡೆ ಬ್ರೇಕ್ ದೀಪ ಉರಿಯಲ್ಲ ಅರ್ಲೀನ್. ಬಲ್ಬಿನ ಹೋಲ್ಡರ್ ತುಕ್ಕು ಹಿಡಿದು ನಿನ್ನೆ ಕೈಗೇ ಬಂತು. ಸೋಮವಾರ ಹೊಸದು ಬರುತ್ತೆ. ಸೋಮವಾರ ಹೋಗು."

"ಸೋಮವಾರ ನಂಗೆ ಕೆಲಸ ಇದೆ" ಎಂದಳು.

ಅವಳ ಎರಡು ಕೈಗಳೂ ಸ್ಟೀರಿಂಗ್ ಮೇಲಿದ್ದವು. ಒಂದು ನಿಮಿಷ ಹಾಗೇ ಕೂತಿದ್ದಳು, ಹೋಗುವುದಿಲ್ಲವೇನೋ ಅಂದುಕೊಂಡೆ. ಆಮೇಲೆ ಹಿಂದೆ ನೋಡಿ, ಮತ್ತೆ ನೋಡಿ, ಮೂರನೇ ಸಲವೂ ನೋಡಿ, ಕಾರನ್ನು ರಸ್ತೆಗೆ ಇಳಿಸಿದಳು. ಊರಿನ ಕಡೆ ತಿರುಗಲಿಲ್ಲ. ಹಳಿಯ ಕಡೆ ತಿರುಗಿದಳು. ಗ್ರಬೋವ್ಸ್ಕಿ ಬೇಲಿಯ ಆಚೆ ಟೋಪಿ ತೆಗೆದು ನಿಂತಿದ್ದ. ಇಂಜಿನ್ನಿನ ಸದ್ದು ದೊಡ್ಡದು. ತುಂಬ ದೂರದವರೆಗೆ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ಈಗ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಹೋಗಿ ಮಲಗಬಹುದು, ಮೈಯೆಲ್ಲ ನೋಯುತ್ತಿದೆ, ಆದರೆ ಇಲ್ಲೇ ಕೂರುತ್ತೇನೆ.

ಈ ಪುಟ ಯಾರ ಕೈಗಾದರೂ ಸಿಕ್ಕಿ, ಅವರು ಆ ರಸ್ತೆಯಲ್ಲಿ ಹೋಗುವವರಾಗಿದ್ದರೆ, ಒಂದು ಸಣ್ಣ ಉಪಕಾರ ಮಾಡಬೇಕು. ಮುಂದೆ ಹಸಿರು ಶೆವೆಲ್ ಕಂಡರೆ ನಾಲ್ಕು ಕಾರಿನಷ್ಟು ದೂರ ಬಿಟ್ಟು ಬನ್ನಿ. ಹಳಿಯ ಹತ್ತಿರ ಅವಳು ನಿಲ್ಲಿಸುತ್ತಾಳೆ, ರೈಲು ಇರಲಿ ಬಿಡಲಿ. ಕಿಟಕಿ ಇಳಿಸಿ ಕೇಳುತ್ತಾಳೆ, ಸ್ವಲ್ಪ ಹೊತ್ತು ಹಿಡಿಯಬಹುದು. ಎಡಗಡೆಯ ದೀಪ ಉರಿಯುವುದಿಲ್ಲ, ಬಲಗಡೆಯದನ್ನು ನೋಡಿಕೊಳ್ಳಿ. ಹಾರ್ನ್ ಹೊಡೆಯಬೇಡಿ.